ಎರೆಸೀಮೆಯ ಮಂಜುಗಡ್ಡೆ

ಹಸ್ತ ಮಳೆ ಹಿಡಿಯುವ ಹೊತ್ತಿಗೆ ಆದೋನಿ ಸೀಮೆಯ ಹೊಲಗಳಲ್ಲಿ ಹತ್ತಿಕಾಯಿ ಬಿರಿಯತೊಡಗಿರುತ್ತದೆ. ಪೆದ್ದಕಡುಬೂರು, ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳಿಂದ ಆದೋನಿಯ ಹತ್ತಿ ಮಾರುಕಟ್ಟೆಗೆ ಟ್ರ್ಯಾಕ್ಟರುಗಳು ಹೊರಡುತ್ತವೆ. ಅವು ಹೊಲ ಬಿಟ್ಟು ನೇರ ಡಾಂಬರಿಗೆ ಏರುತ್ತವೆ. ದೊಡ್ಡ ಗಾಲಿಯ ಹಲ್ಲುಗಳ ನಡುವೆ ಕಚ್ಚಿಕೊಂಡ ಎರೆಮಣ್ಣು ದಾರಿಯುದ್ದಕ್ಕೂ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಬಿಸಿಲಿದ್ದರೆ ಅದು ಒಂದು ದಿನದಲ್ಲಿ ಧೂಳಾಗಿ ಹಾರಿಹೋಗುತ್ತದೆ. ಅದರ ಮೇಲೆ ಒಂದು ತುಂತುರು ಬಿತ್ತೋ, ಕರಿಯ ರಸ್ತೆಯ ಮೇಲೆ ಕರಿಯ ಲೇಪ. ಎಲ್ಲಿ ಡಾಂಬರು ಮುಗಿಯಿತು, ಎಲ್ಲಿ ರಾಡಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಬೈಕಿನವನಿಗೆ ಅದು ತಿಳಿಯುವುದು ನೆಲಕ್ಕೆ ಬಿದ್ದ ಮೇಲೆ.

ಚಳಿಗಾಲದ ಇರುಳಿನಲ್ಲೂ ನೀರು ಹೆಪ್ಪುಗಟ್ಟದ ಸೀಮೆ ಇದು. ಆದರೂ ಅಮೆರಿಕ, ಕೆನಡಾ, ಯುರೋಪಿನ ಚಾಲಕರು ಅತಿ ಹೆಚ್ಚು ಹೆದರುವ ಕಣ್ಣಿಗೆ ಕಾಣದ ಮಂಜುಗಡ್ಡೆಗೆ ಇಲ್ಲಿ ಒಬ್ಬ ಜ್ಞಾತಿಯಿದ್ದಾನೆ. ಎರಡೂ ಕಡೆ ಜಾರುವುದರ ಕಾರಣ ಒಂದೇ ಬಗೆಯದು. ಪಾರಾಗುವ ಉಪಾಯವೂ ಹೆಚ್ಚುಕಡಿಮೆ ಒಂದೇ. ಹಿಮದ ರಸ್ತೆಯಲ್ಲಿ ಕಾರು ಓಡಿಸುವವರು ನೂರು ವರ್ಷಗಳಲ್ಲಿ ಪೆಟ್ಟು ತಿಂದು ಕಲಿತದ್ದರಲ್ಲಿ ಬಹುಪಾಲು ಎರೆಸೀಮೆಯ ಮಳೆಗಾಲಕ್ಕೂ ಸಲ್ಲುತ್ತದೆ.

ತೆಳ್ಳಗಿನ ನೀರಿನ ಆಟ

ಕನ್ನಡಿಗರು ಎರೆ ಎನ್ನುವ, ತೆಲುಗರು ರೇಗಡಿ ಎನ್ನುವ ಈ ಕಪ್ಪುಮಣ್ಣಿಗೆ ಗಡಿಯ ಹಂಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಅಂದು ಬಳ್ಳಾರಿ ಮೈಸೂರಿಗೆ ಬಂತು, ಆದೋನಿ ಮತ್ತು ಆಲೂರು ಕರ್ನೂಲಿಗೆ ಹೋದವು, ಎರೆ ಮಾತ್ರ ಎರಡೂ ಕಡೆ ಉಳಿಯಿತು. ಮರುವರ್ಷವೇ, 1954ರಲ್ಲಿ, ಮಳೆ ಕಡಿಮೆಯಿರುವ ಕಪ್ಪುಮಣ್ಣಿನ ಪ್ರದೇಶಕ್ಕೆಂದು ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಶುರುವಾಯಿತು.

ಎರೆಮಣ್ಣಿನ ಗುಣವೆಲ್ಲ ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜದ್ದು. ಅದರ ಕಣಗಳು ಹಾಳೆಗಳಂತಿರುತ್ತವೆ. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನೀರು ಈ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೊರಹೋದಾಗ ಅದೇ ಮಣ್ಣು ಕುಗ್ಗಿ, ಕೈ ತೂರುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ಒದ್ದೆಯಾದಾಗ ಹಾಳೆಯ ಮೇಲೆ ಹಾಳೆ ಸುಲಭವಾಗಿ ಸರಿಯುತ್ತದೆ. ಗಾಲಿಯ ರಬ್ಬರಿಗೂ ಡಾಂಬರಿನ ಜಲ್ಲಿಕಲ್ಲಿಗೂ ನಡುವೆ ಇಂಥದೊಂದು ಪದರ ಬಂದರೆ ರಬ್ಬರು ಕಲ್ಲನ್ನು ಮುಟ್ಟುವುದೇ ಇಲ್ಲ. ಬರೀ ಮಳೆನೀರಾದರೆ ಟೈರಿನ ಗೀರುಗಳಲ್ಲಿ ಹರಿದು ಹೊರಗೆ ಹೋಗುತ್ತದೆ. ಅಂಟುವ ಎರೆ ಹಾಗೆ ಹೋಗದೆ ಗೀರುಗಳಲ್ಲೇ ತುಂಬಿಕೊಂಡು, ಹೊಸ ಟೈರನ್ನೂ ಬೋಳು ಟೈರನ್ನಾಗಿ ಮಾಡುತ್ತದೆ. ಹಿಂದೆ ಈ ಸೀಮೆಯ ರೈತರು ಮಳೆಗಾಲದಲ್ಲಿ ಸೈಕಲ್ಲಿನ ಮಡ್‌ಗಾರ್ಡ್ ಬಿಚ್ಚಿಡುತ್ತಿದ್ದುದು, ಅದಕ್ಕೂ ಬಗ್ಗದಿದ್ದರೆ ಸೈಕಲ್ಲನ್ನೇ ಹೆಗಲಿಗೇರಿಸುತ್ತಿದ್ದುದು ಇದೇ ಅಂಟಿನ ಕಾಟಕ್ಕೆ.

ಮಂಜುಗಡ್ಡೆ ಏಕೆ ಜಾರುತ್ತದೆ ಎಂಬುದು ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ಗಡ್ಡೆಯ ಮೈಮೇಲೆ ಸದಾ ಒಂದು ತೆಳ್ಳಗಿನ ದ್ರವದಂಥ ಪದರ ಇರುತ್ತದೆಂದು ಮೈಕೆಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದ. ಭಾರ ಬಿದ್ದಾಗ ಗಡ್ಡೆ ಕರಗುತ್ತದೆ, ಅದಕ್ಕೇ ಜಾರುತ್ತದೆ ಎಂಬ ವಿವರಣೆ ಆಮೇಲೆ ಬಂತು, ಶಾಲಾ ಪುಸ್ತಕಗಳಲ್ಲೂ ನಿಂತಿತು. ಆದರೆ ಮನುಷ್ಯನ ತೂಕದಿಂದಾಗಲಿ ಕಾರಿನ ತೂಕದಿಂದಾಗಲಿ ಆಗುವ ಕರಗುವಿಕೆ ತೀರಾ ಅಲ್ಪ. ಉಜ್ಜಾಟದ ಬಿಸಿಯೇ ನೀರಿನ ಪದರವನ್ನು ಹುಟ್ಟಿಸುತ್ತದೆಂದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಪ್ರಯೋಗದಿಂದ ತೋರಿಸಿದರು. ಫ್ಯಾರಡೆಯ ಪದರವೂ ನಿಜವೆಂದು ಮುಂದೆ ಗೊತ್ತಾಯಿತು. ಹೀಗಾಗಿ ಮಂಜುಗಡ್ಡೆ ಅತಿ ಹೆಚ್ಚು ಅಪಾಯಕಾರಿಯಾಗುವುದು ಕೊರೆಯುವ ಮೈನಸ್ 20 ಡಿಗ್ರಿಯಲ್ಲಲ್ಲ, ಸೊನ್ನೆಯ ಆಸುಪಾಸಿನಲ್ಲಿ, ಗಡ್ಡೆ ಕರಗಲೋ ಬೇಡವೋ ಎನ್ನುವ ಹೊತ್ತಿನಲ್ಲಿ. ಎರೆಯದೂ ಅದೇ ಸ್ವಭಾವ. ಧೋ ಎಂದು ಸುರಿವ ಮಳೆ ರಸ್ತೆಯ ಮೇಲಿನ ಮಣ್ಣನ್ನು ಒಂದಿಷ್ಟಾದರೂ ತೊಳೆದುಬಿಡುತ್ತದೆ. ಮೋಸ ಮಾಡುವುದು ಅರೆಬರೆ ತುಂತುರು. ಮೊದಲ ಮಳೆಯ ಮೊದಲ ಅರ್ಧ ಗಂಟೆಯಲ್ಲಿ ಡಾಂಬರಿನ ಮೇಲೆ ಬೇಸಿಗೆಯಿಡೀ ಕೂತ ಎಣ್ಣೆ, ರಬ್ಬರಿನ ಪುಡಿ, ಧೂಳು ಎಲ್ಲ ಕಲಸಿಕೊಂಡಿರುತ್ತವೆ.

ನಿಲ್ಲಲು ಎಷ್ಟು ದೂರ ಬೇಕು?

ಜಾರುವಿಕೆಯನ್ನು ಅಳೆಯಲು ಎಂಜಿನಿಯರುಗಳು ಘರ್ಷಣಾಂಕ ಎಂಬ ಒಂದು ಸಂಖ್ಯೆ ಬಳಸುತ್ತಾರೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿಗೆ ಅದು 0.7ರ ಹತ್ತಿರ, ಒದ್ದೆ ಡಾಂಬರಿನಲ್ಲಿ 0.4ರ ಆಸುಪಾಸು, ತುಳಿದು ಗಟ್ಟಿಯಾದ ಹಿಮದಲ್ಲಿ ಸುಮಾರು 0.2, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕಿಂತ ಕಡಿಮೆ. ಡಾಂಬರಿಗೆ ಮೆತ್ತಿದ ಎರೆ ಒದ್ದೆಯಾದರೆ ಈ ಸಂಖ್ಯೆ ಬರೀ ಮಳೆನೀರಿನ ರಸ್ತೆಗಿಂತ ತೀರಾ ಕೆಳಗೆ, ಹಿಮದ ಕಡೆಗೆ ಇಳಿಯುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ವಾಹನ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 20 ಮೀಟರ್ ಸಾಕು. ಒದ್ದೆ ರಸ್ತೆಯಲ್ಲಿ 35, ಗಟ್ಟಿ ಹಿಮದಲ್ಲಿ 70, ಮಂಜುಗಡ್ಡೆಯ ಮೇಲೆ 140 ಮೀಟರ್ ಬೇಕು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಗಾಡಿ ಇನ್ನೂ 17 ಮೀಟರ್ ಮುಂದೆ ಹೋಗಿರುತ್ತದೆ, ಅದನ್ನೂ ಸೇರಿಸಿಕೊಳ್ಳಬೇಕು. ಮಂಜುಗಡ್ಡೆಯ ಮೇಲೆ 20ರ ವೇಗದಲ್ಲಿ ಹೋಗುವ ಕಾರು ನಿಲ್ಲಲು 16 ಮೀಟರ್ ಕೇಳುತ್ತದೆ. ಒಣ ಡಾಂಬರಿನಲ್ಲಿ 50 ದಾಟಿದ ಕಾರು ಕೇಳುವುದೂ ಅಷ್ಟನ್ನೇ. ಸ್ಪೀಡೋಮೀಟರಿನ ಮುಳ್ಳು ಎರಡೂ ರಸ್ತೆಯಲ್ಲಿ ಒಂದೇ ಅಂಕಿ ತೋರಿಸಬಹುದು, ಅದರ ಅರ್ಥ ಮಾತ್ರ ಒಂದೇ ಅಲ್ಲ.

ಈ ಲೆಕ್ಕದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ವೇಗ ಅರ್ಧವಾದರೆ ನಿಲ್ಲುವ ದೂರ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ನಿಧಾನ ಮಾಡುವುದರ ಲಾಭ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಎರಡನೆಯದು, ಈ ಲೆಕ್ಕದಲ್ಲಿ ವಾಹನದ ತೂಕ ಬರುವುದೇ ಇಲ್ಲ. ಲೋಡು ಹೆಚ್ಚಿದ್ದರೆ ಗಾಡಿ ರಸ್ತೆಗೆ ಕಚ್ಚಿಕೊಂಡು ಚೆನ್ನಾಗಿ ನಿಲ್ಲುತ್ತದೆಂಬ ನಂಬಿಕೆ ನಮ್ಮ ಚಾಲಕರಲ್ಲಿದೆ. ತೂಕ ಹೆಚ್ಚಿದಷ್ಟು ಹಿಡಿತ ಹೆಚ್ಚುವುದು ನಿಜ, ಆದರೆ ನಿಲ್ಲಿಸಬೇಕಾದ ವಸ್ತುವೂ ಅಷ್ಟೇ ಭಾರವಾಗಿರುತ್ತದೆ. ನಾಲ್ಕೂ ಗಾಲಿಗೆ ಬಲವಿರುವ ಜೀಪಿನ ಮೇಲಿನ ನಂಬಿಕೆಯೂ ಇಂಥದೇ. ಕೆಸರಿನಿಂದ ಮೇಲೇಳಲು, ಹಿಮದಲ್ಲಿ ಹೊರಡಲು ಅದು ನೆರವಾಗುತ್ತದೆ. ನಿಲ್ಲಿಸುವ ಹೊತ್ತಿಗೆ ಎಲ್ಲ ಕಾರಿಗೂ ನಾಲ್ಕು ಗಾಲಿಯಲ್ಲೇ ಬ್ರೇಕು, ಜೀಪಿಗೆ ಅಲ್ಲಿ ಹೆಚ್ಚಿನದೇನೂ ಸಿಗುವುದಿಲ್ಲ.

ತಿರುವಿನಲ್ಲೂ ಹೀಗೆಯೇ. 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವನ್ನು ಒಣ ರಸ್ತೆಯಲ್ಲಿ 65ರ ವೇಗದಲ್ಲಿ ಹೇಗೋ ದಾಟಬಹುದು. ಒದ್ದೆಯಾದಾಗ ಮಿತಿ 50. ಮಂಜುಗಡ್ಡೆ ಕಟ್ಟಿದಾಗ 25. ಅದನ್ನು ಮೀರಿದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗಿ ಹೊಲಕ್ಕಿಳಿಯುತ್ತದೆ.

ಹಿಡಿತ ಎಂಬ ದಿನಗೂಲಿ

ಟೈರಿನ ಹಿಡಿತ ದಿನಗೂಲಿಯ ಹಾಗೆ. ಬಂದದ್ದಿಷ್ಟೇ, ಅದರಲ್ಲೇ ಎಲ್ಲ ಖರ್ಚು ತೂಗಿಸಬೇಕು. ಬ್ರೇಕಿಗೆ ಒಂದು ಪಾಲು, ತಿರುಗುವುದಕ್ಕೆ ಒಂದು ಪಾಲು, ವೇಗ ಹೆಚ್ಚಿಸಲು ಒಂದು ಪಾಲು. ಒಣ ರಸ್ತೆಯಲ್ಲಿ ಕೂಲಿ ಧಾರಾಳವಾಗಿರುವುದರಿಂದ ತಿರುವಿನಲ್ಲೇ ಬ್ರೇಕ್ ಹಿಡಿದರೂ ನಡೆದುಹೋಗುತ್ತದೆ. ಜಾರು ರಸ್ತೆಯಲ್ಲಿ ಒಂದು ಖರ್ಚು ಮಾಡಿದರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಬ್ರೇಕ್ ಪೂರ್ತಿ ಒತ್ತಿ ಗಾಲಿ ನಿಂತುಹೋದರೆ ಹಿಡಿತವೆಲ್ಲ ಅದಕ್ಕೇ ಸಂದಾಯವಾಗಿ, ಸ್ಟೀರಿಂಗು ಕೈಯಲ್ಲಿರುವ ಬರೀ ಬಳೆ.

ಹಿಮದ ನಾಡಿನ ಚಾಲನಾ ಪಾಠಗಳೆಲ್ಲ ಹೊರಡುವುದು ಇಲ್ಲಿಂದ. ಬ್ರೇಕ್ ಹಿಡಿಯುವುದಿದ್ದರೆ ತಿರುವಿಗೆ ಮುಂಚೆ, ಗಾಡಿ ನೇರವಿದ್ದಾಗ ಹಿಡಿಯಬೇಕು. ತಿರುವಿನೊಳಗೆ ಬರೀ ತಿರುಗಬೇಕು. ಹೊರಬಂದ ಮೇಲೆ ಎಕ್ಸಲರೇಟರ್. ಯಾವುದನ್ನೂ ಝಟ್ಟನೆ ಮಾಡಬಾರದು. ಇಳಿಜಾರಿದ್ದರೆ ಇಳಿಯುವ ಮುಂಚೆಯೇ ಗೇರು ಇಳಿಸಿಕೊಳ್ಳಬೇಕು. ರಾಡಿಯಲ್ಲೋ ಹಿಮದಲ್ಲೋ ಹೊರಡುವಾಗ ಎರಡನೆಯ ಗೇರಿನಲ್ಲಿ ಮೆಲ್ಲಗೆ ಹೊರಟರೆ ಗಾಲಿ ಸುಮ್ಮನೆ ಸುತ್ತುವುದು ತಪ್ಪುತ್ತದೆ.

ಗಾಲಿ ನಿಂತುಹೋಗದಂತೆ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಹಿಡಿದು ಬಿಡುವ ಕೆಲಸವನ್ನು ಈಗ ಎಬಿಎಸ್ ಮಾಡುತ್ತದೆ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರಿನಲ್ಲಿ ಬಂತು. ಭಾರತದಲ್ಲಿ 2019ರಿಂದ ಹೊಸ ಕಾರುಗಳಿಗೂ 125 ಸಿಸಿಗಿಂತ ದೊಡ್ಡ ಬೈಕುಗಳಿಗೂ ಅದು ಕಡ್ಡಾಯ. ಎಬಿಎಸ್ ಇರುವ ಕಾರಿನಲ್ಲಿ ಗಾಬರಿಯಾದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಪಾದಕ್ಕೆ ನಡುಕ ತಾಗಿತೆಂದು ಬಿಡಬಾರದು. ಆದರೆ ಅದು ಹಿಡಿತವನ್ನು ಹುಟ್ಟಿಸುವ ಯಂತ್ರವಲ್ಲ. ಸಡಿಲ ಹಿಮದಲ್ಲಿ, ಜಲ್ಲಿಯಲ್ಲಿ ಎಬಿಎಸ್ ಇದ್ದರೆ ನಿಲ್ಲುವ ದೂರ ಹೆಚ್ಚಾಗಲೂಬಹುದು. ಅದು ಕೊಡುವುದು ಸ್ಟೀರಿಂಗಿನ ಅಧಿಕಾರವನ್ನು, ಎದುರಿನದನ್ನು ತಪ್ಪಿಸಿಕೊಂಡು ಹೋಗುವ ಅವಕಾಶವನ್ನು.

ಜಾರಿಯೇ ಹೋದರೆ? ಮುಂದಿನ ಗಾಲಿ ಜಾರಿ ಗಾಡಿ ತಿರುಗದೆ ನೇರ ಹೋಗುತ್ತಿದ್ದರೆ ಎಕ್ಸಲರೇಟರ್ ಬಿಡಬೇಕು, ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುವ ಬದಲು ತುಸು ಸಡಿಲಿಸಿ ಗಾಲಿಗೆ ಮತ್ತೆ ಕಚ್ಚಿಕೊಳ್ಳಲು ಬಿಡಬೇಕು. ಹಿಂದಿನ ಗಾಲಿ ಜಾರಿ ಬಾಲ ಹೊರಳುತ್ತಿದ್ದರೆ ಬ್ರೇಕಿನಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕನ್ನು ನೋಡುತ್ತ ಸ್ಟೀರಿಂಗನ್ನು ಅತ್ತ ತಿರುಗಿಸಬೇಕು. ಮರವನ್ನೋ ಕಂಬವನ್ನೋ ದಿಟ್ಟಿಸಿದರೆ ಕೈ ಅತ್ತಲೇ ಎಳೆಯುತ್ತದೆ. ಇಷ್ಟೆಲ್ಲ ಮಾಡಲು ಸಿಗುವುದು ಒಂದೆರಡು ಸೆಕೆಂಡು. ಅದಕ್ಕೇ ಹಿಮದ ನಾಡಿನ ಪಳಗಿದ ಚಾಲಕ ಜಾರದ ಹಾಗೆ ಓಡಿಸುವುದರಲ್ಲಿ ತನ್ನ ಜಾಣತನವನ್ನೆಲ್ಲ ಖರ್ಚು ಮಾಡುತ್ತಾನೆ.

ಹಿಮದೂರಿಗೆ ಹೋದವರಿಗೆ

ಬಳ್ಳಾರಿ, ರಾಯಚೂರು, ಆದೋನಿಯ ಮನೆಗಳಿಂದ ಓದಿಗೋ ಕೆಲಸಕ್ಕೋ ಚಿಕಾಗೊ, ಟೊರಾಂಟೊ, ಮ್ಯೂನಿಕ್ ಸೇರಿದ ಮಕ್ಕಳಿದ್ದಾರೆ. ಆಗಸ್ಟಿನಲ್ಲಿ ಹೋಗಿ ಇಳಿದವರು ಮೂರು ತಿಂಗಳಲ್ಲಿ ಕಾರು ಕೊಳ್ಳುತ್ತಾರೆ, ನಾಲ್ಕನೆಯ ತಿಂಗಳು ಹಿಮ ಬೀಳುತ್ತದೆ. ಅವರಿಗೆ ಬೇಕಾದ ಮೊದಲ ತಿಳಿವಳಿಕೆ ಇಷ್ಟು: ಕಾಣುವ ಹಿಮಕ್ಕಿಂತ ಕಾಣದ ಗಡ್ಡೆ ಕೆಟ್ಟದ್ದು. ಕರಗಿದ ನೀರು ಇರುಳಿಗೆ ಮತ್ತೆ ಹೆಪ್ಪುಗಟ್ಟಿ, ಪಾರದರ್ಶಕ ಪದರವಾಗಿ, ಕೆಳಗಿನ ಡಾಂಬರಿನ ಬಣ್ಣವನ್ನೇ ತೋರಿಸುತ್ತದೆ. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಏಕೆಂದರೆ ಅವುಗಳ ಅಡಿಯಲ್ಲಿ ಕಾವು ಹಿಡಿದ ನೆಲವಿಲ್ಲ, ಮೇಲೂ ಕೆಳಗೂ ತಣ್ಣನೆಯ ಗಾಳಿಯೇ. ಮರದ ನೆರಳು ಬೀಳುವ ತಿರುವುಗಳೂ ಹಾಗೆಯೇ.

ರಸ್ತೆಗೆ ಉಪ್ಪು ಹಾಕಿದ್ದಾರೆಂದು ಮೈಮರೆಯುವಂತಿಲ್ಲ. ಅಡುಗೆ ಉಪ್ಪಿನ ಜಾತಿಯ ಈ ಉಪ್ಪು ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಇಳಿಸುತ್ತದೆ. ಆದರೆ ಮೈನಸ್ 9 ಡಿಗ್ರಿಯ ಕೆಳಗೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಟೈರಿನ ವಿಷಯ ಇನ್ನೂ ಮುಖ್ಯ. ಸಾಮಾನ್ಯ ಟೈರಿನ ರಬ್ಬರು 7 ಡಿಗ್ರಿಯ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನದು ಮೃದುವಾಗಿಯೇ ಉಳಿದು, ಮೈಮೇಲಿನ ಸಣ್ಣ ಸಣ್ಣ ಸೀಳುಗಳಿಂದ ಹಿಮವನ್ನು ಕಚ್ಚುತ್ತದೆ. ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಡ್ಡಾಯ. ಉಷ್ಣತೆ ಪ್ರತಿ 5–6 ಡಿಗ್ರಿ ಇಳಿದಾಗ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಬೇಸಿಗೆಯಲ್ಲಿ ತುಂಬಿಸಿದ್ದು ಜನವರಿಗೆ ಸಾಕಾಗುವುದಿಲ್ಲ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಅನ್ನು ಹಿಮದಲ್ಲೂ ಮಳೆಯಲ್ಲೂ ಆರಿಸಿಡಬೇಕು.

ಹಿಮದಲ್ಲಿ ಸಿಕ್ಕಿಕೊಂಡ ಕಾರಿನಲ್ಲಿ ಬೆಚ್ಚಗಿರಲು ಎಂಜಿನ್ ಚಾಲೂ ಇಟ್ಟು ಕೂರುವುದು ಇನ್ನೊಂದು ಅಪಾಯ. ಹೊಗೆ ಕೊಳವೆಯ ಬಾಯಿಗೆ ಹಿಮ ಮುಚ್ಚಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಒಳಕ್ಕೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ದಾರಿಯಲ್ಲಿ ಹಿಮಕ್ಕೆ ಸಿಕ್ಕ ಕಾರುಗಳಲ್ಲೇ 20ಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಅವರಲ್ಲಿ ಹಲವರ ಸಾವಿಗೆ ಈ ಅನಿಲವೇ ಕಾರಣವೆಂಬ ಶಂಕೆ ಬಂತು. ಕೊಳವೆಯ ಸುತ್ತ ಹಿಮ ಕೆರೆದು ತೆಗೆಯುತ್ತಿರಬೇಕು, ಕಿಟಕಿ ಒಂದಿಂಚು ತೆರೆದಿಡಬೇಕು, ಎಂಜಿನನ್ನು ಆಗಾಗ ಹತ್ತು ನಿಮಿಷ ಮಾತ್ರ ಓಡಿಸಬೇಕು.

ವಿದೇಶಕ್ಕೆ ಹೋಗದವರೂ ಈಗ ಹಿಮದ ರಸ್ತೆ ಕಾಣುತ್ತಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ರೋಹತಾಂಗ್ ಅಡಿಯ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಮನಾಲಿಯಿಂದ ಲಾಹೌಲ್‌ಗೆ ದಾರಿಯಾಯಿತು. ಬಯಲುಸೀಮೆಯ ಟೈರಿನಲ್ಲಿ ಅಲ್ಲಿಗೆ ಹೋಗಿ ಅಡ್ಡಡ್ಡ ಜಾರುವ ಕಾರುಗಳ ವಿಡಿಯೊ ಪ್ರತಿ ಡಿಸೆಂಬರಿನಲ್ಲೂ ಮೊಬೈಲಿಗೆ ಬರುತ್ತದೆ. ಹಿಮ ಬಿದ್ದ ದಿನ ಪೊಲೀಸರು ಗಾಲಿಗೆ ಸರಪಳಿ ಕೇಳುವುದು ಸುಮ್ಮನಲ್ಲ. ದಾರಿ ಗೊತ್ತಿರುವ ಸ್ಥಳೀಯ ಚಾಲಕನಿಗೆ ಗಾಡಿ ಒಪ್ಪಿಸುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಮಳೆಯೇ ದೊಡ್ಡದು

ಇಷ್ಟಾಗಿಯೂ ಹಿಮದ ನಾಡೆಂದು ನಾವು ತಿಳಿದ ಅಮೆರಿಕದಲ್ಲೇ, ಹವಾಮಾನದಿಂದಾಗುವ ಅಪಘಾತಗಳಲ್ಲಿ ಹಿಮ, ಗಡ್ಡೆ ಕಟ್ಟಿದ ರಸ್ತೆಗಳ ಪಾಲು ಸುಮಾರು ಕಾಲುಭಾಗವೆಂದೂ ಒದ್ದೆ ರಸ್ತೆಗಳದ್ದು ಸುಮಾರು ಶೇ. 70 ಎಂದೂ ಅಲ್ಲಿನ ಹೆದ್ದಾರಿ ಇಲಾಖೆ ಲೆಕ್ಕ ಕೊಡುತ್ತದೆ. ಹಿಮಕ್ಕೆ ಎಲ್ಲರೂ ಹೆದರಿ ನಿಧಾನ ಮಾಡುತ್ತಾರೆ. ಮಳೆಗೆ ಯಾರೂ ಹೆದರುವುದಿಲ್ಲ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಶೇ. 44 ಜನ ದ್ವಿಚಕ್ರ ವಾಹನದ ಮೇಲಿದ್ದವರು. ಎರಡೇ ಗಾಲಿಯ ಮೇಲೆ ನಿಂತ ಗಾಡಿಗೆ ಒಂದು ಜಾರಿದರೆ ಇನ್ನೊಂದರ ಆಸರೆಯಿಲ್ಲ.

ಆದ್ದರಿಂದ ಎರೆಸೀಮೆಯ ಬೈಕಿನವರಿಗೆ ಮುಖ್ಯವಾದದ್ದು ಹೊಲದ ಬಂಡಿದಾರಿ ಡಾಂಬರನ್ನು ಸೇರುವ ಜಾಗಗಳನ್ನು ಗುರುತಿಟ್ಟುಕೊಳ್ಳುವುದು. ಮಣ್ಣಿನ ಗೆರೆ ಕಾಣುವ ಮೊದಲೇ ವೇಗ ಇಳಿಸಿರಬೇಕು. ಅದರ ಮೇಲೆ ಹೋಗುವಾಗ ಬೈಕು ನೆಟ್ಟಗಿರಬೇಕು, ಬ್ರೇಕ್ ಬೇಡ, ಬಾಗುವುದು ಬೇಡ. ರಸ್ತೆಗೆ ಬಳಿದ ಬಿಳಿ ಪಟ್ಟಿಗಳೂ ಕಬ್ಬಿಣದ ಮುಚ್ಚಳಗಳೂ ಒದ್ದೆಯಾದಾಗ ಜಾರುತ್ತವೆ. ಹೆದ್ದಾರಿ 167ರಲ್ಲಿ ಆದೋನಿಯಿಂದ ಎಮ್ಮಿಗನೂರಿನ ಕಡೆ ಜೋರಾಗಿ ಹೋಗುವ ಕಾರುಗಳಿಗೆ ಇನ್ನೊಂದು ಗಂಡಾಂತರವಿದೆ. ನಿಂತ ನೀರಿನ ಮೇಲೆ ಟೈರು ತೇಲಿಬಿಡಬಹುದು. 30 ಪಿಎಸ್‌ಐ ಗಾಳಿಯಿರುವ ಟೈರು ಸುಮಾರು 90 ಕಿ.ಮೀ. ವೇಗದಲ್ಲಿ ಹಾಗೆ ತೇಲಬಹುದೆಂದು 1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನದ ಗಾಲಿಗಳಿಗಾಗಿ ಕಂಡುಕೊಂಡ ಸೂತ್ರ ಹೇಳುತ್ತದೆ. ಗಾಳಿ ಕಡಿಮೆಯಿದ್ದರೆ, ಗೀರು ಸವೆದಿದ್ದರೆ ಇನ್ನೂ ಬೇಗ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಆಳ ಇರಲೇಬೇಕೆಂಬ ನಿಯಮ ಇರುವುದು ಅದಕ್ಕೇ.

ಹತ್ತಿ ಬಿಡಿಸಲು ಕೂಲಿ ಹೆಂಗಸರನ್ನು ತುಂಬಿಕೊಂಡು ಹೋಗುವ ಆಟೊಗಳ ಕಥೆ ಬೇರೆ. ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ವಲಸೆ ಹೊರಡುವ ಸಂಸಾರಗಳನ್ನು ಗಂಟುಮೂಟೆ ಸಮೇತ ಹೊತ್ತ ಗಾಡಿಗಳದ್ದೂ ಅದೇ. ಭಾರ ಎತ್ತರದಲ್ಲಿದ್ದಷ್ಟು ಗಾಡಿ ಉರುಳುವುದು ಸುಲಭ. ಜಾರುತ್ತ ಹೋದ ಗಾಲಿ ರಸ್ತೆಯಂಚಿನ ಗುಂಡಿಗೋ ಕಲ್ಲಿಗೋ ತಾಗಿದರೆ ಮಗುಚುತ್ತದೆ. ಮೂರು ಗಾಲಿಯ ಗಾಡಿಗೆ ಅಷ್ಟು ಜನವನ್ನು ಹತ್ತಿಸಿದ ಮೇಲೆ ಚಾಲಕನ ಚಾಕಚಕ್ಯಕ್ಕೆ ಉಳಿದಿರುವುದು ಬಹಳ ಕಡಿಮೆ.

ರಸ್ತೆಯ ಅಡಿಯಲ್ಲಿ, ರಸ್ತೆಯ ಮೇಲೆ

ಎರೆ ರಸ್ತೆಯ ಮೇಲಿದ್ದಾಗ ಜಾರಿಸುತ್ತದೆ, ಅಡಿಯಲ್ಲಿದ್ದಾಗ ರಸ್ತೆಯನ್ನೇ ಮುರಿಯುತ್ತದೆ. ಉಬ್ಬಿ ಕುಗ್ಗುವ ನೆಲದ ಮೇಲೆ ಹಾಕಿದ ಡಾಂಬರು ಅಲೆಯಲೆಯಾಗಿ, ಅಂಚು ಸೀಳಿ, ಗುಂಡಿ ಬೀಳುತ್ತದೆ. ಆ ಗುಂಡಿಗಳಲ್ಲೇ ನೀರು ನಿಲ್ಲುವುದು. ಇದಕ್ಕೆ ಮದ್ದಿಲ್ಲವೆಂದೇನಲ್ಲ. ಐಐಟಿ ಬಾಂಬೆಯ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿ ಅವರು ಕಪ್ಪುಮಣ್ಣಿನ ಮೇಲೆ ಉಬ್ಬದ ಅಂಟುಮಣ್ಣಿನ ಪದರವೊಂದನ್ನು, ಹೆಚ್ಚುಕಡಿಮೆ ಒಂದು ಮೀಟರ್ ದಪ್ಪಕ್ಕೆ, ಹಾಸಿ ಬಡಿದರೆ ಅಡಿಯ ಉಬ್ಬರ ಅಡಗುತ್ತದೆಂದು ತೋರಿಸಿಕೊಟ್ಟರು. ಉತ್ತರ ಕರ್ನಾಟಕದ ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೂ ಬಂತು. ಸುಣ್ಣ ಬೆರೆಸಿ ಮಣ್ಣನ್ನು ಪಳಗಿಸುವ ವಿಧಾನವೂ ಇದೆ. ಇವೆಲ್ಲ ಎಂಜಿನಿಯರು, ಗುತ್ತಿಗೆದಾರ, ಸರ್ಕಾರದ ಹಣ ಕೂಡಿ ಆಗಬೇಕಾದ ಕೆಲಸ.

ರಸ್ತೆಯ ಮೇಲಿನ ಮಣ್ಣಿಗೆ ಅಷ್ಟೆಲ್ಲ ಬೇಕಿಲ್ಲ. ಹಿಮವನ್ನು ರಸ್ತೆಗೆ ತಂದು ಹಾಕುವುದು ಆಕಾಶ, ಯಾರನ್ನೂ ದೂರುವಂತಿಲ್ಲ. ಡಾಂಬರಿನ ಮೇಲೆ ಎರೆ ತಂದು ಹಾಕುವವರು ಮನುಷ್ಯರು. ಬ್ರಿಟನ್ನಿನ 1980ರ ಹೆದ್ದಾರಿ ಕಾಯ್ದೆಯಡಿ ರಸ್ತೆಗೆ ಕೆಸರು ಬೀಳಿಸಿ ಬಿಟ್ಟುಹೋದ ರೈತನಿಗೆ ದಂಡ ಬೀಳಬಹುದು. ಜರ್ಮನಿಯ ರಸ್ತೆ ಸಂಚಾರ ನಿಯಮವೂ ಬೀಳಿಸಿದವನೇ ಬಳಿಯಬೇಕು, ಅಲ್ಲಿಯವರೆಗೆ ಎಚ್ಚರಿಕೆಯ ಫಲಕ ನಿಲ್ಲಿಸಬೇಕು ಎನ್ನುತ್ತದೆ. ನಮ್ಮಲ್ಲಿ ದಂಡಕ್ಕಿಂತ ಪಂಚಾಯಿತಿಯ ಒಂದು ಕಟ್ಟುಪಾಡು ಬೇಗ ನಡೆಯುತ್ತದೆ. ಹೊಲದ ದಾರಿ ಡಾಂಬರಿಗೆ ಸೇರುವ ಕಡೆ ಇಪ್ಪತ್ತು ಮೂವತ್ತು ಹೆಜ್ಜೆ ಉದ್ದಕ್ಕೆ ಗರಸು ಅಥವಾ ಜಲ್ಲಿ ಹಾಸಿದರೆ ಗಾಲಿಯ ಮಣ್ಣಿನಲ್ಲಿ ಬಹುಪಾಲು ಅಲ್ಲೇ ಉದುರುತ್ತದೆ. ಉಳಿದದ್ದನ್ನು ರಸ್ತೆ ಹತ್ತುವ ಮೊದಲು ಸಲಿಕೆಯಿಂದ ಕೆರೆಯಲು ಹತ್ತು ನಿಮಿಷ. ರಸ್ತೆಗೆ ಬಿದ್ದ ಹೆಂಟೆಗಳನ್ನು ಅಂದೇ ಬದಿಗೆ ಸರಿಸುವುದು ಇನ್ನೂ ಸುಲಭ. ಆ ಟ್ರ್ಯಾಕ್ಟರಿನ ಹಿಂದೆ ಸಂಜೆ ಬೈಕಿನಲ್ಲಿ ಬರುವವನು ಹೆಚ್ಚಾಗಿ ಅದೇ ಊರಿನವನು, ಹತ್ತಿ ಮಾರಿ ಮನೆಗೆ ಮರಳುತ್ತಿರುವವನು. ಈ ಕೆಲಸ ಹಸ್ತ ಮಳೆ ಹಿಡಿಯುವ ಮುಂಚೆ, ಭಾದ್ರಪದದ ಬಿಡುವಿನಲ್ಲಿ, ಮುಗಿಯಬೇಕು.